ಧ್ವನಿಪೆಟ್ಟಿಗೆಯ ವ್ಯಾಪಾರ: ಇಂಚು ಮತ್ತು ವ್ಯಾಟ್ ಲೆಕ್ಕ ಇನ್ನು ಸಾಕು

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಗಾಗಲಿ, ಚೆನ್ನೈನ ರಿಚ್ಚಿ ಸ್ಟ್ರೀಟಿಗಾಗಲಿ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಾಗಲಿ ಹೋಗಿ ಧ್ವನಿವರ್ಧಕದ ಡ್ರೈವರ್ ಬೇಕೆಂದು ಕೇಳಿದರೆ ಅಂಗಡಿಯವರು ಮರಳಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಎಷ್ಟು ಇಂಚು? ಎಷ್ಟು ವ್ಯಾಟ್? ಗಿರಾಕಿಯು ಸ್ವಲ್ಪ ತಿಳಿದವನಂತೆ ಕಂಡರೆ ಮೂರನೆಯದಾಗಿ ಡ್ರೈವರನ್ನು ಅವನ ಕೈಗಿತ್ತು ಮ್ಯಾಗ್ನೆಟ್ಟಿನ ತೂಕವನ್ನು ನೋಡಲು ಹೇಳುತ್ತಾರೆ. ಅನಂತರ ಅದೇ ಗಾತ್ರಕ್ಕೆ ಹೊಂದುವ ಸಿದ್ಧ ಕ್ರಾಸ್‌ಓವರ್ ಫಲಕವೊಂದನ್ನು ಕಪಾಟಿನಿಂದ ತೆಗೆದುಕೊಟ್ಟು ಬಿಲ್ಲು ಹಾಕುತ್ತಾರೆ. ಮನೆಯಲ್ಲಿಯೇ ಧ್ವನಿಪೆಟ್ಟಿಗೆ ಕಟ್ಟಿಕೊಳ್ಳುವ ಹವ್ಯಾಸಿಯೂ, ತಿಂಗಳಿಗೆ ಹತ್ತಾರು ಜೊತೆ ಪೆಟ್ಟಿಗೆ ಮಾಡಿ ಕಲ್ಯಾಣಮಂಟಪ, ಶಾಲೆ, ದೇವಸ್ಥಾನಗಳಿಗೆ ಒದಗಿಸುವ ಸಣ್ಣ ತಯಾರಕನೂ ಈ ಒಂದೇ ಪದ್ಧತಿಗೆ ಒಗ್ಗಿಹೋಗಿದ್ದಾರೆ. ಈ ಪದ್ಧತಿಯು ಕೊಳ್ಳುವವನಿಗಿಂತ ಹೆಚ್ಚಾಗಿ ಮಾರುವವನಿಗೇ ನಷ್ಟವನ್ನುಂಟುಮಾಡುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳವಾದದ್ದು. ಇಂಚು, ವ್ಯಾಟ್, ಮ್ಯಾಗ್ನೆಟ್ಟಿನ ತೂಕ ಈ ಮೂರರಿಂದಲೂ ಡ್ರೈವರ್ ಯಾವ ಪೆಟ್ಟಿಗೆಯಲ್ಲಿ ಹೇಗೆ ನುಡಿದೀತು ಎಂಬುದು ತಿಳಿಯುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಬ್ಲೂಟೂತ್ ಪೆಟ್ಟಿಗೆಗಳು ಹಳ್ಳಿಯ ಅಂಗಡಿಗಳಿಗೂ ಬಂದು ಕುಳಿತಿರುವ ಈ ಕಾಲದಲ್ಲಿ ಬೆಲೆಯಲ್ಲಿ ಅವುಗಳೊಡನೆ ಸ್ಪರ್ಧಿಸಲು ನಮ್ಮ ಸಣ್ಣ ತಯಾರಕರಿಂದ ಸಾಧ್ಯವಿಲ್ಲ. ಸ್ಪರ್ಧಿಸಬಹುದಾದದ್ದು ನಾದದಲ್ಲಿ ಮಾತ್ರ. ಅದಕ್ಕೆ ಬೇಕಾದ ತಿಳಿವಳಿಕೆ ಗುಟ್ಟಿನದೂ ಅಲ್ಲ, ದುಬಾರಿಯೂ ಅಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ ಅವರು 1961ರಲ್ಲಿ ರಂಧ್ರವುಳ್ಳ ಪೆಟ್ಟಿಗೆಗಳನ್ನು ಕುರಿತು ಬರೆದ ಪ್ರಬಂಧ, ಅದನ್ನು ಮುಂದುವರಿಸಿ ರಿಚರ್ಡ್ ಸ್ಮಾಲ್ ಅವರು 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಪ್ರಬಂಧಗಳು, ಡ್ರೈವರಿನ ನಡವಳಿಕೆಯನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡುವ ವಿಧಾನವನ್ನು ಜಗತ್ತಿಗೆ ಕೊಟ್ಟು ಅರ್ಧ ಶತಮಾನವೇ ಕಳೆದಿದೆ. ಒಳ್ಳೆಯ ತಯಾರಕರೆಲ್ಲರೂ ತಮ್ಮ ಮಾಹಿತಿ ಪತ್ರಗಳಲ್ಲಿ ಈ ಅಂಕಿಗಳನ್ನು ಮುದ್ರಿಸುತ್ತಾರೆ. ನಮ್ಮ ಪೇಟೆಯಲ್ಲಿ ಮಾತ್ರ ಅವುಗಳನ್ನು ಕೇಳುವವರೂ ವಿರಳ, ಕೊಡುವವರೂ ವಿರಳ.

ಅಂಕಿಗಳಲ್ಲಿ ಮುಖ್ಯವಾದವು ಮೂರು. ಮೊದಲನೆಯದು ಡ್ರೈವರಿನ ಸಹಜ ಅನುರಣನ ಆವರ್ತನ, ಅಂದರೆ ಎಫ್ಎಸ್. ಎರಡನೆಯದು ಆ ಅನುರಣನವು ಎಷ್ಟರಮಟ್ಟಿಗೆ ಹಿಡಿತದಲ್ಲಿದೆ ಎಂಬುದನ್ನು ತೋರಿಸುವ ಕ್ಯುಟಿಎಸ್. ಮೂರನೆಯದು ಕೋನನ್ನು ತೂಗಿ ಹಿಡಿದಿರುವ ಅಂಚು ಹಾಗೂ ಜಾಲಿಯ ಸಡಿಲತೆಗೆ ಸಮನಾದ ಗಾಳಿಯ ಪ್ರಮಾಣವನ್ನು ಲೀಟರಿನಲ್ಲಿ ಹೇಳುವ ವಿಎಎಸ್. ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದ ಮೇಲೆ ಕ್ಯು ಮೌಲ್ಯವು 0.707ರ ಆಸುಪಾಸಿಗೆ ಬಂದರೆ ಕೆಳಸ್ವರವು ಗುಂಯ್‌ಗುಟ್ಟದೆ ಸಮವಾಗಿ ಇಳಿಯುತ್ತದೆ. ಲೆಕ್ಕವು ಅಂಗಡಿಯ ಕ್ಯಾಲ್ಕ್ಯುಲೇಟರಿನಲ್ಲಿಯೇ ಆಗುವಂಥದ್ದು: 0.707ನ್ನು ಕ್ಯುಟಿಎಸ್‌ನಿಂದ ಭಾಗಿಸಿ, ಬಂದುದನ್ನು ವರ್ಗ ಮಾಡಿ, ಒಂದನ್ನು ಕಳೆದು, ಉಳಿದುದರಿಂದ ವಿಎಎಸ್ ಅನ್ನು ಭಾಗಿಸಿದರೆ ಪೆಟ್ಟಿಗೆಯ ಒಳಗಾತ್ರ ಸಿಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. 8 ಇಂಚಿನ, 8 ಓಮಿನ, 60 ವ್ಯಾಟಿನ ಎರಡು ವೂಫರ್‌ಗಳಿವೆ ಎನ್ನೋಣ. ಮೊದಲನೆಯದರ ಎಫ್ಎಸ್ 40 ಹರ್ಟ್ಸ್, ಕ್ಯುಟಿಎಸ್ 0.45, ವಿಎಎಸ್ 40 ಲೀಟರ್. ಲೆಕ್ಕ ಹಾಕಿದರೆ ಸುಮಾರು 27 ಲೀಟರಿನ ಪೆಟ್ಟಿಗೆ ಸಾಕು. ಅದರಲ್ಲಿ ಅನುರಣನವು 63 ಹರ್ಟ್ಸ್‌ಗೆ ಏರಿ ನಿಲ್ಲುತ್ತದೆ. ಎರಡನೆಯದರ ಕ್ಯುಟಿಎಸ್ 0.6, ವಿಎಎಸ್ 60 ಲೀಟರ್. ಅದಕ್ಕೆ ಬೇಕಾದದ್ದು 154 ಲೀಟರಿನ ಪೆಟ್ಟಿಗೆ, ಅಂದರೆ ಬಟ್ಟೆಯ ಬೀರುವಿನ ಒಂದು ಅಂಕಣ! ಈ ಎರಡನೆಯ ವೂಫರನ್ನು ಹಳೆಯ ಅಳತೆಯಂತೆಯೇ 27 ಲೀಟರಿನ ಪೆಟ್ಟಿಗೆಯಲ್ಲಿ ಕೂರಿಸಿದರೆ ಕ್ಯು 1.08ರಷ್ಟಾಗಿ ಕೆಳಸ್ವರವೆಲ್ಲವೂ ಒಂದೇ ಶ್ರುತಿಯಲ್ಲಿ ಗುಮ್ಮೆನ್ನತೊಡಗುತ್ತದೆ. ಮೃದಂಗದ ಎಡಗೈ ಯಾವುದು, ತಬಲಾದ ಡಗ್ಗಾ ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ. ಗಿರಾಕಿಯು ಪೆಟ್ಟಿಗೆಯನ್ನು ಹಿಂದಕ್ಕೆ ತಂದಾಗ ನಾವು ಡ್ರೈವರ್ ಸರಿಯಿಲ್ಲವೆಂದು ಬದಲಿಸಿಕೊಡುತ್ತೇವೆ. ವಾಸ್ತವದಲ್ಲಿ ಡ್ರೈವರ್ ಸರಿಯಾಗಿಯೇ ಇತ್ತು. ಬದಲಿಸಿ ಕೊಟ್ಟದ್ದೂ ಅದೇ ಜಾತಿಯದು. ತಿಂಗಳೊಪ್ಪತ್ತಿನಲ್ಲಿ ಅದೂ ಹಿಂದಕ್ಕೆ ಬರುತ್ತದೆ.

ಮಾಹಿತಿ ಪತ್ರವಿಲ್ಲದ ಡ್ರೈವರ್‌ಗಳೇ ಪೇಟೆಯಲ್ಲಿ ಹೆಚ್ಚಲ್ಲವೇ ಎಂದು ಕೇಳುವವರಿರಬಹುದು. ಹೌದು. ಆದರೆ ಅಳೆದು ನೋಡುವುದಕ್ಕೆ ಪ್ರಯೋಗಾಲಯವೇನೂ ಬೇಕಾಗಿಲ್ಲ. ಡ್ರೈವರನ್ನು ಗೋಡೆ, ಮೇಜುಗಳಿಂದ ದೂರವಾಗಿ ಬಿಗಿಯಾಗಿ ಹಿಡಿದು ನಿಲ್ಲಿಸಿ, 1000 ಓಮಿನ ಪ್ರತಿರೋಧಕವೊಂದರ ಮೂಲಕ ಆಂಪ್ಲಿಫೈಯರಿಗೆ ಜೋಡಿಸಬೇಕು. ಗಣಕಯಂತ್ರದಿಂದಲೋ ಸಿಗ್ನಲ್ ಜನರೇಟರಿನಿಂದಲೋ 20 ಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಆವರ್ತನವನ್ನು ಏರಿಸುತ್ತ ಹೋದರೆ ಡ್ರೈವರಿನ ತುದಿಗಳ ನಡುವಣ ವೋಲ್ಟೇಜು ಒಂದೆಡೆ ಶಿಖರವನ್ನು ಮುಟ್ಟುತ್ತದೆ. ಅದೇ ಎಫ್ಎಸ್. ಆ ಶಿಖರದ ಎತ್ತರ ಹಾಗೂ ಅಗಲಗಳಿಂದ ಕ್ಯುಟಿಎಸ್ ದೊರೆಯುತ್ತದೆ. ವಿಎಎಸ್ ತಿಳಿಯಬೇಕಾದರೆ ಒಳಗಾತ್ರ ತಿಳಿದಿರುವ, ಗಾಳಿ ಸೋರದ ಪೆಟ್ಟಿಗೆಯೊಂದು ಬೇಕು. 15 ಲೀಟರಿನ ಪೆಟ್ಟಿಗೆಯಲ್ಲಿ ಕೂರಿಸಿದಾಗ 50 ಹರ್ಟ್ಸ್ ಇದ್ದ ಅನುರಣನವು 80ಕ್ಕೆ ಏರಿದರೆ, 80ನ್ನು 50ರಿಂದ ಭಾಗಿಸಿ ವರ್ಗ ಮಾಡಿದಾಗ 2.56, ಅದರಲ್ಲಿ ಒಂದನ್ನು ಕಳೆದರೆ 1.56, ಅದನ್ನು 15ರಿಂದ ಗುಣಿಸಿದರೆ 23 ಲೀಟರಿಗೆ ಸ್ವಲ್ಪ ಮೇಲೆ. ಇದು ಅಂದಾಜು; ಆದರೆ ಪೆಟ್ಟಿಗೆ ಕೊಯ್ಯುವ ಮುಂಚೆ ಮರಗೆಲಸದವನಿಗೆ ಹೇಳಲು ಇಷ್ಟು ನಿಖರತೆ ಧಾರಾಳವಾಯಿತು. ರೂಮ್ ಈಕ್ಯೂ ವಿಝರ್ಡ್‌ನಂಥ ಉಚಿತ ತಂತ್ರಾಂಶವು ಇದೆಲ್ಲವನ್ನೂ ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಹೊಸ ಡ್ರೈವರಿನ ಜಾಲಿಯು ಬಿಗಿಯಾಗಿರುವುದರಿಂದ ಅಳೆಯುವ ಮುನ್ನ ಕೆಲವು ಗಂಟೆಗಳ ಕಾಲ ಅದನ್ನು ನುಡಿಸಿ ಸಡಿಲಿಸಿಕೊಳ್ಳುವುದು ಒಳ್ಳೆಯದು.

ಒಂದೇ ಡಬ್ಬಿಯಿಂದ ತೆಗೆದ ನಾಲ್ಕು ಡ್ರೈವರ್‌ಗಳನ್ನು ಹೀಗೆ ಅಳೆದು ನೋಡಿ ಎಂದು ತಯಾರಕ ಮಿತ್ರರನ್ನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಎಫ್ಎಸ್‌ನಲ್ಲಿ ಶೇಕಡಾ 10ರಷ್ಟು ಅಂತರ ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಹತ್ತಿರಹತ್ತಿರದ ಎರಡನ್ನು ಜೊತೆ ಮಾಡಿ ಎಡ ಬಲಕ್ಕೆ ಹಾಕಿದರೆ ಅದೇ ಅರ್ಧ ಗೆಲುವು. ಈ ಜೊತೆಗೂಡಿಸುವ ಕೆಲಸವನ್ನು ಸಗಟು ವ್ಯಾಪಾರಿಗಳೇ ಮಾಡಿ, ಜೊತೆಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ತೆಗೆದುಕೊಂಡರೂ ಕೊಡಲು ಸಿದ್ಧರಿರುವವರು ಖಂಡಿತ ಇದ್ದಾರೆ.

ಇನ್ನು ವ್ಯಾಟಿನ ಮಾತು. ಡ್ರೈವರಿನ ಮೇಲೆ ಬರೆದಿರುವ ವ್ಯಾಟು ಅದು ಎಷ್ಟು ಶಬ್ದ ಮಾಡುತ್ತದೆ ಎಂಬುದನ್ನಲ್ಲ, ಎಷ್ಟು ಶಾಖವನ್ನು ತಡೆದುಕೊಳ್ಳುತ್ತದೆ ಎಂಬುದನ್ನು ಸೂಚಿಸುತ್ತದೆ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಡ್ರೈವರಿನ ದಕ್ಷತೆ ಶೇಕಡಾ 0.4ಕ್ಕಿಂತಲೂ ಕಡಿಮೆ. ನೂರು ವ್ಯಾಟ್ ಊಡಿದರೆ ಶಬ್ದವಾಗಿ ಹೊರಬರುವುದು ಅರ್ಧ ವ್ಯಾಟೂ ಇಲ್ಲ. ಉಳಿದದ್ದೆಲ್ಲವೂ ಸುರುಳಿಯನ್ನು ಕಾಯಿಸುತ್ತದೆ. ತಾಮ್ರವು ನೂರು ಡಿಗ್ರಿ ಕಾದಾಗ ಅದರ ಪ್ರತಿರೋಧ ಶೇಕಡಾ 39ರಷ್ಟು ಏರುವುದರಿಂದ ಕಾದ ಡ್ರೈವರ್ ಇನ್ನಷ್ಟು ಮೆತ್ತಗಾಗುತ್ತದೆ. 88ರ ಬದಲು 91 ಡೆಸಿಬೆಲ್ ಕೊಡುವ ಡ್ರೈವರನ್ನು ಆಯ್ದುಕೊಂಡರೆ 50 ವ್ಯಾಟಿನ ಆಂಪ್ಲಿಫೈಯರೇ 100 ವ್ಯಾಟಿನ ಕೆಲಸ ಮಾಡುತ್ತದೆ. ಆದುದರಿಂದ ಸಭಾಂಗಣಗಳಿಗೆ ಪೆಟ್ಟಿಗೆ ಒದಗಿಸುವವರು ವ್ಯಾಟಿಗಿಂತ ಮೊದಲು ಕೇಳಬೇಕಾದದ್ದು ಈ ಸಂವೇದನೆಯ ಅಂಕಿಯನ್ನು. ಪಿಎಂಪಿಒ ಎಂಬ ಮೂರು ಸಾವಿರ, ಐದು ಸಾವಿರ ವ್ಯಾಟಿನ ಅಂಕಿಗಳ ವಿಚಾರ ಹೇಳುವುದೇ ಬೇಡ. ಮಾನಕ ಸಂಸ್ಥೆಗಳು ಒಪ್ಪಿದ ವ್ಯಾಖ್ಯೆಯೇ ಅದಕ್ಕಿಲ್ಲ. ಮ್ಯಾಗ್ನೆಟ್ಟಿನ ತೂಕವೂ ಅಷ್ಟೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ನಿಯೋಡಿಮಿಯಮ್ ಮ್ಯಾಗ್ನೆಟ್ಟು ಕಿಲೋ ತೂಗುವ ಫೆರೈಟ್ ಚಕ್ರಕ್ಕೆ ಸರಿಸಮನಾಗಬಲ್ಲದು.

ನಮ್ಮ ಪೇಟೆಯಲ್ಲಿ ಹೆಚ್ಚು ಅನ್ಯಾಯವಾಗುತ್ತಿರುವುದು ಕ್ರಾಸ್‌ಓವರ್ ವಿಷಯದಲ್ಲಿ. “8 ಇಂಚು, ಎರಡು ದಾರಿ, 150 ವ್ಯಾಟ್” ಎಂದು ಮುದ್ರಿಸಿದ ಫಲಕವನ್ನು ತಯಾರಿಸಿದವನಿಗೆ ಅದಕ್ಕೆ ಯಾವ ವೂಫರ್ ಜೋಡಿಸುತ್ತಾರೆ, ಯಾವ ಟ್ವೀಟರ್ ಜೋಡಿಸುತ್ತಾರೆ ಎಂಬುದು ಗೊತ್ತಿಲ್ಲ. ಎರಡೂ ಕಡೆ ಎಲ್ಲ ಆವರ್ತನಗಳಲ್ಲಿಯೂ ನಿಖರವಾಗಿ 8 ಓಮ್ ಇದೆಯೆಂದು ಊಹಿಸಿಕೊಂಡು ಲೆಕ್ಕ ಹಾಕಿರುತ್ತಾನೆ. ಪ್ರಪಂಚದಲ್ಲಿ ಅಂಥ ಡ್ರೈವರೇ ಇಲ್ಲ. 8 ಓಮ್ ಎಂಬುದು ಹೆಸರಿಗೆ ಮಾತ್ರ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಮಾನಕವು ಕೇಳುವುದು ಅದು ಹೇಳಿದ ಅಂಕಿಯ ಶೇಕಡಾ 80ಕ್ಕಿಂತ, ಅಂದರೆ 6.4 ಓಮಿಗಿಂತ ಕೆಳಕ್ಕೆ ಇಳಿಯಬಾರದು ಎಂದಷ್ಟೇ. ಮೇಲಕ್ಕೆ ಎಷ್ಟು ಏರಿದರೂ ತಡೆಯಿಲ್ಲ. ಸುರುಳಿಯ ನೇರ ಪ್ರತಿರೋಧ 6 ಓಮ್, ಇಂಡಕ್ಟೆನ್ಸ್ 0.5 ಮಿಲಿಹೆನ್ರಿ ಇರುವ ವೂಫರ್ 3000 ಹರ್ಟ್ಸ್‌ನಲ್ಲಿ ಸುಮಾರು 11 ಓಮ್ ತೋರಿಸುತ್ತದೆ. 8 ಓಮಿಗೆಂದು ಹಾಕಿದ 0.42 ಮಿಲಿಹೆನ್ರಿಯ ಕಾಯಿಲು ಅಲ್ಲಿ ಮಾಡಬೇಕಾದ ಕೆಲಸವನ್ನು ಪೂರ್ತಿ ಮಾಡುವುದಿಲ್ಲ. ಪರಿಹಾರವೂ ಕ್ಲಿಷ್ಟವಲ್ಲ: 7.5 ಓಮಿನ ಪ್ರತಿರೋಧಕ ಮತ್ತು 9 ಮೈಕ್ರೋಫ್ಯಾರಡಿನ ಆಸುಪಾಸಿನ ಕೆಪ್ಯಾಸಿಟರನ್ನು ಒಂದರ ಹಿಂದೊಂದಾಗಿ ಕಟ್ಟಿ ವೂಫರಿಗೆ ಅಡ್ಡಲಾಗಿ ಹಾಕಿದರೆ ಏರುತ್ತಿದ್ದ ಪ್ರತಿರೋಧ ಸಮತಟ್ಟಾಗುತ್ತದೆ. ಜೋಬೆಲ್ ಜಾಲವೆಂದು ಇದಕ್ಕೆ ಹೆಸರು. ಈ ಎರಡು ಬಿಡಿಭಾಗಗಳನ್ನು ಸಿದ್ಧ ಫಲಕಗಳಲ್ಲಿ ಕಾಣುವುದು ಅಪರೂಪ, ಕಂಡರೂ ನಮ್ಮ ವೂಫರಿಗೆ ಹೊಂದುವುದು ಇನ್ನೂ ಅಪರೂಪ.

ಎಲ್ಲಕ್ಕಿಂತ ಅಗ್ಗದ ಪದ್ಧತಿಯೊಂದಿದೆ. ವೂಫರಿಗೆ ಏನನ್ನೂ ಹಾಕದೆ ನೇರವಾಗಿ ಕೊಟ್ಟು, ಟ್ವೀಟರಿಗೆ ಮಾತ್ರ 4.7 ಮೈಕ್ರೋಫ್ಯಾರಡಿನ ಒಂಟಿ ಕೆಪ್ಯಾಸಿಟರನ್ನು ಹಾಕುವುದು. ಲೆಕ್ಕದಂತೆ ಅದು 4200 ಹರ್ಟ್ಸ್‌ನಿಂದ ಮೇಲಕ್ಕೆ ಬಿಡುತ್ತದೆ. ಆದರೆ ಒಂಟಿ ಕೆಪ್ಯಾಸಿಟರಿನ ತಡೆ ಬಲು ಮೆಲುವಾದದ್ದು. ಟ್ವೀಟರಿನ ಅನುರಣನವು 1200 ಹರ್ಟ್ಸ್‌ನಲ್ಲಿದ್ದರೆ ಅಲ್ಲಿಗೂ ಕೇವಲ 11 ಡೆಸಿಬೆಲ್ ಕಡಿಮೆಯಾಗಿ ಸಂಕೇತ ತಲುಪುತ್ತದೆ. ಅನುರಣನದಲ್ಲಿ ಟ್ವೀಟರಿನ ಪ್ರತಿರೋಧವೂ ಏರುವುದರಿಂದ ನಿಜವಾದ ತಡೆ ಅದಕ್ಕಿಂತಲೂ ಕಡಿಮೆ. ಕೂದಲೆಳೆಯಂಥ ತಂತಿಯ ಸುರುಳಿಯು ತನ್ನ ಮಿತಿ ಮೀರಿ ಹಿಂದುಮುಂದಾಗಿ ಕೊನೆಗೆ ಸುಡುತ್ತದೆ. ದುರಸ್ತಿಗೆ ಬರುವ ಟ್ವೀಟರ್‌ಗಳಲ್ಲಿ ವಿನ್ಯಾಸದ ದೋಷದಿಂದಲೇ ಸುಟ್ಟವು ಅದೆಷ್ಟೋ, ಆದರೆ ಬೈಗುಳ ಮಾತ್ರ ಟ್ವೀಟರ್ ಮಾರಿದವನಿಗೆ. ಟ್ವೀಟರನ್ನು ಅದರ ಅನುರಣನದ ಕನಿಷ್ಠ ಎರಡರಷ್ಟು ಆವರ್ತನದಿಂದ ಮೇಲಕ್ಕೆ, ಎರಡನೆಯ ದರ್ಜೆಯ ಅಥವಾ ಅದಕ್ಕಿಂತ ಕಡಿದಾದ ಜಾಲದ ಮೂಲಕ ಮಾತ್ರ ಬಳಸತಕ್ಕದ್ದು.

ಕೆಳಗಿನ ಮಿತಿಯನ್ನು ಟ್ವೀಟರ್ ಹೇಳಿದರೆ ಮೇಲಿನದನ್ನು ವೂಫರಿನ ಗಾತ್ರ ಹೇಳುತ್ತದೆ. 8 ಇಂಚಿನ ವೂಫರಿನ ಕೋನಿನ ನಿಜವಾದ ವ್ಯಾಸ ಸುಮಾರು 16.5 ಸೆಂಟಿಮೀಟರ್. 2000 ಹರ್ಟ್ಸ್‌ನ ಶಬ್ದದ ತರಂಗದೂರ 17 ಸೆಂಟಿಮೀಟರ್. ತರಂಗದೂರವು ಕೋನಿನ ವ್ಯಾಸಕ್ಕಿಂತ ಚಿಕ್ಕದಾದೊಡನೆ ಶಬ್ದವು ಟಾರ್ಚಿನ ಬೆಳಕಿನಂತೆ ನೇರಕ್ಕೆ ಮಾತ್ರ ಹೋಗತೊಡಗುತ್ತದೆ. ಎದುರಿಗೆ ಕುಳಿತವನಿಗೆ ಕೇಳಿಸಿದ್ದು ಪಕ್ಕದಲ್ಲಿ ಕುಳಿತವನಿಗೆ ಕೇಳಿಸುವುದಿಲ್ಲ. ವ್ಯಂಜನಗಳ ಸ್ಪಷ್ಟತೆ ನಿಂತಿರುವುದೇ 2000ದಿಂದ 4000 ಹರ್ಟ್ಸ್‌ನ ಈ ಪಟ್ಟಿಯಲ್ಲಿ. ಯಕ್ಷಗಾನದ ಆಟಕ್ಕೆ ಬಾಡಿಗೆಗೆ ತಂದ ಪೆಟ್ಟಿಗೆಗಳಲ್ಲಿ ಚಂಡೆಯ ಪೆಟ್ಟು ಎದೆಗೆ ತಾಗಿದರೂ ಭಾಗವತರ ಪದ್ಯದ ಸಾಹಿತ್ಯ ಬದಿಯಲ್ಲಿ ಕುಳಿತವರಿಗೆ ಹತ್ತದಿರುವುದಕ್ಕೆ ಇದೂ ಒಂದು ಕಾರಣ. 8 ಇಂಚಿನ ವೂಫರನ್ನು 2000 ಹರ್ಟ್ಸ್‌ನ ಹತ್ತಿರವೇ ನಿಲ್ಲಿಸಬೇಕು; ಹಾಗೆ ನಿಲ್ಲಿಸಬೇಕಾದರೆ 1000 ಹರ್ಟ್ಸ್ ಅಥವಾ ಅದಕ್ಕಿಂತ ಕೆಳಗೆ ಅನುರಣಿಸುವ ಒಳ್ಳೆಯ ಟ್ವೀಟರ್ ಬೇಕು. ಅದು ದುಬಾರಿಯಾಯಿತೆಂದರೆ 5 ಅಥವಾ 6 ಇಂಚಿನ ವೂಫರಿಗೆ ಇಳಿಯಬೇಕು. ಇವೆರಡನ್ನೂ ಬಿಟ್ಟು ಮಧ್ಯದಲ್ಲಿ ಇನ್ನೊಂದು ಡ್ರೈವರ್ ತುರುಕಿ ‘ಮೂರು ದಾರಿ’ ಎಂದು ಕರೆದುಬಿಟ್ಟರೆ ಕೆಲಸ ಹಗುರವಾಗುವುದಿಲ್ಲ, ಎರಡು ಪಟ್ಟಾಗುತ್ತದೆ. ಕೈಯಲ್ಲಿ ಅಳತೆಯ ಸಾಧನವಿಲ್ಲದವರು ಮೂರು ದಾರಿಯ ತಂಟೆಗೇ ಹೋಗಬಾರದೆಂದು ನನ್ನ ಖಚಿತ ಅಭಿಪ್ರಾಯ.

ಕ್ರಾಸ್‌ಓವರ್ ಎಂಬುದು ಡ್ರೈವರಿಗೆ ಹೊಲಿಸಿದ ಅಂಗಿಯೇ ಹೊರತು ಸಂತೆಯಲ್ಲಿ ಕೊಂಡದ್ದಲ್ಲ ಎಂಬುದಕ್ಕೆ ಬಿಬಿಸಿಯ ಎಲ್ಎಸ್ 3/5ಎ ಎಂಬ ಪುಟ್ಟ ಪೆಟ್ಟಿಗೆಗಿಂತ ಉತ್ತಮ ನಿದರ್ಶನ ಸಿಗದು. ಹೊರಾಂಗಣ ಪ್ರಸಾರದ ವಾಹನಗಳಲ್ಲಿ ಉಪಯೋಗಿಸಲೆಂದು 1970ರ ದಶಕದಲ್ಲಿ ಬಿಬಿಸಿಯ ತಂತ್ರಜ್ಞರು ಇದನ್ನು ರೂಪಿಸಿದರು. ಒಳಗೆ ಸುಮಾರು 5 ಲೀಟರಿನ ಮುಚ್ಚಿದ ಪ್ಲೈವುಡ್ ಪೆಟ್ಟಿಗೆ. ಇಂಗ್ಲೆಂಡಿನ ಕೆಇಎಫ್ ಕಂಪನಿಯ ಬಿ110 ಎಂಬ 5 ಇಂಚಿನ ವೂಫರ್ ಮತ್ತು ಟಿ27 ಎಂಬ ಟ್ವೀಟರ್. ಈ ಡ್ರೈವರ್‌ಗಳು ಬಿಡಿಯಾಗಿ ಯಾರಿಗೆ ಬೇಕಾದರೂ ಸಿಗುತ್ತಿದ್ದವು. ಪೆಟ್ಟಿಗೆಯ ಹೆಚ್ಚುಗಾರಿಕೆಯಿದ್ದದ್ದು ಸುಮಾರು 3000 ಹರ್ಟ್ಸ್‌ನಲ್ಲಿ ವಿಭಜಿಸುತ್ತಿದ್ದ ಕ್ರಾಸ್‌ಓವರಿನಲ್ಲಿ. ವೂಫರಿನ ಸ್ವಭಾವದಲ್ಲಿದ್ದ ಏರಿಳಿತವನ್ನು ತಿದ್ದುವ ಭಾಗಗಳು, ಪ್ರತಿಯೊಂದು ಟ್ವೀಟರಿನ ಮಟ್ಟವನ್ನೂ ಅದರ ವೂಫರಿಗೆ ಸರಿಹೊಂದಿಸಲು ಹಲವು ಕವಲುಗಳನ್ನು ತೆಗೆದ ಕಾಯಿಲು, ಇವೆಲ್ಲವೂ ಅದರಲ್ಲಿದ್ದವು. ಕಾಲಕ್ರಮದಲ್ಲಿ ವೂಫರಿನ ತಯಾರಿಕೆಯಲ್ಲಿ ಗುಣ ಸ್ವಲ್ಪ ಸರಿದಾಡಿದಾಗ, 1980ರ ದಶಕದ ಉತ್ತರಾರ್ಧದಲ್ಲಿ ವೂಫರನ್ನೂ ಕ್ರಾಸ್‌ಓವರನ್ನೂ ಒಟ್ಟಿಗೆ ಪರಿಷ್ಕರಿಸಬೇಕಾಯಿತು. 15 ಓಮ್ ಇದ್ದ ಪೆಟ್ಟಿಗೆ 11 ಓಮಿನದಾಯಿತು. ಅದೇ ಕಂಪನಿಯ ಅದೇ ಹೆಸರಿನ ವೂಫರ್ ಕೊಂಚ ಬದಲಾದದ್ದಕ್ಕೆ ಇಷ್ಟು. ನಾವಾದರೋ ಈ ವಾರ ಒಂದು ಮಾಲು, ಮುಂದಿನ ವಾರ ಇನ್ನೊಂದು ಮಾಲು ತಂದು ಅದೇ ಫಲಕಕ್ಕೆ ಬೆಸುಗೆ ಹಾಕುತ್ತೇವೆ.

ಹೊಸದಾಗಿ ಪ್ರಾರಂಭಿಸುವವರಿಗೆ ಲಿಂಕ್‌ವಿಟ್ಜ್-ರೈಲಿ ಮಾದರಿಯ ಎರಡನೆಯ ದರ್ಜೆಯ ಜಾಲವನ್ನು ನಾನು ಸೂಚಿಸುತ್ತೇನೆ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಇಂಜಿನಿಯರುಗಳಾದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಅವರಿಂದ ಈ ಹೆಸರು ಬಂದಿದೆ. ಲಿಂಕ್‌ವಿಟ್ಜ್ ಅವರ ಪ್ರಬಂಧ ಪ್ರಕಟವಾದದ್ದು 1976ರಲ್ಲಿ. 8 ಓಮ್, 3000 ಹರ್ಟ್ಸ್‌ಗೆ 0.85 ಮಿಲಿಹೆನ್ರಿಯ ಕಾಯಿಲು, 3.3 ಮೈಕ್ರೋಫ್ಯಾರಡಿನ ಕೆಪ್ಯಾಸಿಟರ್, ಎರಡೂ ಕಡೆಗೆ ಒಂದೊಂದು. ಟ್ವೀಟರಿನ ತಂತಿಗಳನ್ನು ಉಲ್ಟಾ ಜೋಡಿಸಬೇಕು. ಇದು ಆರಂಭದ ಬಿಂದು ಮಾತ್ರ. ಮೈಕ್ರೋಫೋನ್ ಇಟ್ಟು ಅಳೆದು ಮುಂದೆ ತಿದ್ದಿಕೊಳ್ಳಬೇಕು. ಹೊಂದಾಣಿಕೆ ಸರಿಯಾಗಿದೆಯೇ ಎಂದು ನೋಡಲು ಸುಲಭವಾದ ಪರೀಕ್ಷೆಯೊಂದಿದೆ: ಟ್ವೀಟರಿನ ತಂತಿಗಳನ್ನು ಬೇಕೆಂದೇ ತಿರುಗಿಸಿ ಹಾಕಿದಾಗ ವಿಭಜನೆಯ ಆವರ್ತನದಲ್ಲಿ ಶಬ್ದವು ಆಳವಾಗಿ ಕುಸಿಯಬೇಕು. ಕುಸಿಯದಿದ್ದರೆ ಎರಡು ಡ್ರೈವರ್‌ಗಳೂ ಒಂದೇ ಲಯದಲ್ಲಿಲ್ಲ ಎಂದು ಅರ್ಥ. ಟ್ವೀಟರು ವೂಫರಿಗಿಂತ 3 ಡೆಸಿಬೆಲ್ ಜೋರಾಗಿದ್ದರೆ 2.3 ಓಮಿನದನ್ನು ಸಾಲಾಗಿಯೂ 19 ಓಮಿನ ಹತ್ತಿರದ್ದನ್ನು ಅಡ್ಡಲಾಗಿಯೂ ಹಾಕಿ ತಗ್ಗಿಸಿಕೊಳ್ಳಬಹುದು. ಮುಂಭಾಗದ ಹಲಗೆಯ ಅಗಲ 20 ಸೆಂಟಿಮೀಟರ್ ಇದ್ದರೆ ಸುಮಾರು 575 ಹರ್ಟ್ಸ್‌ನಿಂದ ಕೆಳಗೆ ಶಬ್ದವು ಪೆಟ್ಟಿಗೆಯ ಹಿಂದಕ್ಕೂ ಹರಡಿ ಮುಂದೆ ಕೊಂಚ ತೆಳುವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಯಲ್ಲಿ ಮಾಡಿದ ಬಹಳಷ್ಟು ಪೆಟ್ಟಿಗೆಗಳು ಕಿರುಚುವಂತೆ ಕೇಳಿಸುವುದು ಈ ಒಂದು ಅಂಶವನ್ನು ಮರೆತದ್ದರಿಂದ.

ಬಿಡಿಭಾಗಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಟ್ವೀಟರಿನ ಸಾಲಿನಲ್ಲಿ ಪಾಲಿಪ್ರೊಪಿಲೀನ್ ಕೆಪ್ಯಾಸಿಟರ್ ಹಾಕಿ. ಎಲೆಕ್ಟ್ರೋಲಿಟಿಕ್ ವರ್ಷಗಳು ಕಳೆದಂತೆ ಒಣಗಿ ಮೌಲ್ಯ ಬದಲಾಗುತ್ತದೆ. ಕಾಯಿಲುಗಳನ್ನು ಒಂದಕ್ಕೊಂದು ಲಂಬವಾಗಿ, ಸಾಕಷ್ಟು ದೂರದಲ್ಲಿ ಕೂರಿಸಿ. ಸಾವಿರಾರು ರೂಪಾಯಿಯ ಬೆಳ್ಳಿತಂತಿ, ಎಣ್ಣೆಯಲ್ಲಿ ಅದ್ದಿದ ಕೆಪ್ಯಾಸಿಟರ್‌ಗಳನ್ನು ಮಾರುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ. ಆ ಹಣದಲ್ಲಿ ಒಂದು ಮಟ್ಟ ಮೇಲಿನ ಟ್ವೀಟರ್ ಬರುತ್ತದೆ. ಮರದ ವಿಚಾರದಲ್ಲಿ ಎಂಡಿಎಫ್ ಆದರೂ ಸರಿ, ಒಳ್ಳೆಯ ಪ್ಲೈವುಡ್ ಆದರೂ ಸರಿ; ಮಳೆನಾಡು, ಕರಾವಳಿಗಳಿಗೆ ಕಳುಹಿಸುವ ಪೆಟ್ಟಿಗೆಗಳಿಗೆ ಮಾತ್ರ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡನ್ನೇ ಉಪಯೋಗಿಸುವುದು ಲೇಸು, ಎಂಡಿಎಫ್ ತೇವ ಹೀರಿ ಉಬ್ಬುತ್ತದೆ.

ಕೆಲವು ವರ್ತಕ ಮಿತ್ರರು ಎತ್ತುವ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ. ಗಿರಾಕಿ ಕೇಳುವುದೇ ವ್ಯಾಟು, ಅವನಿಗೆ ಕ್ಯುಟಿಎಸ್ ಹೇಳಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ ಎನ್ನುತ್ತಾರೆ. ಕೌಂಟರಿನ ಮುಂದೆ ಬರುವ ಹೆಚ್ಚಿನವರ ಮಟ್ಟಿಗೆ ಇದು ನಿಜ. ಆದರೆ ವರ್ಷವಿಡೀ ಮಾಲು ಕೊಳ್ಳುವವರು ಅವರಲ್ಲ, ತಯಾರಕರು. ಒಂದು ಕಾಗದದಲ್ಲಿ ಆರು ಅಂಕಿಗಳನ್ನು ಬರೆದು ಡಬ್ಬಿಯೊಳಗೆ ಇಟ್ಟರೆ ಬೇಡದವನು ಎಸೆಯುತ್ತಾನೆ, ಬೇಕಾದವನು ಮತ್ತೆ ನಿಮ್ಮಲ್ಲಿಗೇ ಬರುತ್ತಾನೆ. ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು. ಅಗ್ಗದ ಕ್ಲಾಸ್-ಡಿ ಆಂಪ್ಲಿಫೈಯರ್ ಮತ್ತು ಡಿಎಸ್‌ಪಿ ಚಿಪ್ಪುಗಳು ಬಂದ ಮೇಲೆ ಪ್ರತಿಯೊಂದು ಡ್ರೈವರಿಗೂ ಪ್ರತ್ಯೇಕ ಆಂಪ್ಲಿಫೈಯರ್ ಕೊಟ್ಟು ವಿಭಜನೆಯನ್ನು ಸಂಕೇತದ ಹಂತದಲ್ಲಿಯೇ ಮಾಡಬಹುದು, ಹೀಗಿರುವಾಗ ಕಾಯಿಲು ಸುತ್ತುವ ವಿದ್ಯೆ ಏಕೆ ಬೇಕು ಎಂಬುದು. ಸ್ವಂತ ಆಂಪ್ಲಿಫೈಯರ್ ಇರುವ ಪೆಟ್ಟಿಗೆಗಳಲ್ಲಿ ಇದೇ ಸರಿಯಾದ ದಾರಿ, ಒಪ್ಪುತ್ತೇನೆ. ಆದರೆ ಡಿಎಸ್‌ಪಿ ಕೂಡ ಡ್ರೈವರಿನ ಅಂಕಿಗಳನ್ನು ಕೇಳಿಯೇ ಕೇಳುತ್ತದೆ. ಯಾವ ಚಿಪ್ಪೂ 8 ಇಂಚಿನ ಕೋನನ್ನು ಚಿಕ್ಕದು ಮಾಡಲಾರದು, ಚಿಕ್ಕ ಪೆಟ್ಟಿಗೆಯನ್ನು ದೊಡ್ಡದು ಮಾಡಲಾರದು. ಮನೆಯಲ್ಲಿ ಈಗಾಗಲೇ ಆಂಪ್ಲಿಫೈಯರ್ ಇರುವವನಿಗೂ, ಒಂದು ಆಂಪ್ಲಿಫೈಯರಿಗೆ ನಾಲ್ಕಾರು ಪೆಟ್ಟಿಗೆ ಜೋಡಿಸುವ ಶಾಲೆ ದೇವಸ್ಥಾನಗಳಿಗೂ ಕಾಯಿಲು ಕೆಪ್ಯಾಸಿಟರಿನ ಜಾಲವೇ ಮುಂದೆಯೂ ಬೇಕಾಗುತ್ತದೆ.

ಕಾನೂನಿನ ಕಡೆಯಿಂದಲೂ ಎಚ್ಚರಿಕೆ ಅಗತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕ್ರಮಕ್ಕೆ ಅವಕಾಶ ನೀಡಿರುವುದಲ್ಲದೆ ದೋಷಯುಕ್ತ ಉತ್ಪನ್ನಕ್ಕೆ ತಯಾರಕನನ್ನೂ, ಕೆಲವು ಸಂದರ್ಭಗಳಲ್ಲಿ ಮಾರಾಟಗಾರನನ್ನೂ ಹೊಣೆಯಾಗಿಸಿದೆ. 40 ವ್ಯಾಟಿನ ಪೆಟ್ಟಿಗೆಯ ಮೇಲೆ 400 ವ್ಯಾಟ್ ಎಂದು ಸ್ಟಿಕ್ಕರ್ ಅಂಟಿಸಿ, ಅದನ್ನು ನಂಬಿ ದೊಡ್ಡ ಆಂಪ್ಲಿಫೈಯರ್ ಜೋಡಿಸಿದವನ ಪೆಟ್ಟಿಗೆ ಸುಟ್ಟರೆ “ಎಲ್ಲರೂ ಹಾಗೆಯೇ ಬರೆಯುತ್ತಾರೆ” ಎಂಬ ಸಮಜಾಯಿಷಿ ಆಯೋಗದ ಮುಂದೆ ನಿಲ್ಲುವಂಥದ್ದಲ್ಲ. ಸ್ಟಿಕ್ಕರನ್ನು ಮುದ್ರಿಸಿದ ಊರು ಯಾವುದೇ ಇರಲಿ, ಬಿಲ್ಲಿನ ಮೇಲೆ ಇರುವುದು ನಮ್ಮ ಅಂಗಡಿಯ ಹೆಸರು.

ಈ ಕ್ಷೇತ್ರದಲ್ಲಿ ಸಣ್ಣ ಕೈಗಾರಿಕೆಗೆ ಒಂದು ಅವಕಾಶವೂ ಇದೆ. ಪೀಣ್ಯದಲ್ಲಿಯೂ ಇತರ ಕೈಗಾರಿಕಾ ಪ್ರದೇಶಗಳಲ್ಲಿಯೂ ಟ್ರಾನ್ಸ್‌ಫಾರ್ಮರ್ ಸುತ್ತುವ ಘಟಕಗಳಿವೆ. ಗಾಳಿಗರ್ಭದ ಕಾಯಿಲು ಸುತ್ತುವುದು ಅವರಿಗೆ ಎಡಗೈ ಕೆಲಸ. ಫಲಕ ಕೊರೆಯುವವರಿದ್ದಾರೆ, ಬೆಸುಗೆ ಹಾಕುವವರಿದ್ದಾರೆ. ನಡುವೆ ಇಲ್ಲದಿರುವುದು ಡ್ರೈವರನ್ನು ಅಳೆದು ಜಾಲವನ್ನು ರೂಪಿಸಿಕೊಡುವವನೊಬ್ಬ. ‘ಇಂಥ ಕಂಪನಿಯ ಇಂಥ ವೂಫರಿಗೆ, ಇಂಥ ಟ್ವೀಟರಿಗೆ, ಇಷ್ಟು ಲೀಟರಿನ ಪೆಟ್ಟಿಗೆಗೆ’ ಎಂದು ಸ್ಪಷ್ಟವಾಗಿ ಬರೆದ ಕ್ರಾಸ್‌ಓವರನ್ನು ಐವತ್ತು ನೂರರ ತಂಡಗಳಲ್ಲಿ ತಯಾರಿಸಿ ಮಾರಿದರೆ ಹವ್ಯಾಸಿಗಳಷ್ಟೇ ಅಲ್ಲ, ಪೆಟ್ಟಿಗೆ ತಯಾರಕರೂ ಕೊಳ್ಳುತ್ತಾರೆ. ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ಎಲೆಕ್ಟ್ರಾನಿಕ್ಸ್ ಪದವೀಧರರಿಗೆ ಇದೊಂದು ಮನೆಯಿಂದಲೇ ಆರಂಭಿಸಬಹುದಾದ ಉದ್ಯೋಗ.

ನಮ್ಮ ಸಂಸ್ಥೆಯ ಮುಂದೆ ಒಂದು ಸಣ್ಣ ಸಲಹೆಯನ್ನು ಇಡುತ್ತಿದ್ದೇನೆ. ತಿದ್ದುಪಡಿ ಪತ್ರವಿರುವ ಅಳತೆಯ ಮೈಕ್ರೋಫೋನ್ ಒಂದು, ಗಣಕಯಂತ್ರ ಒಂದು, 5, 15 ಮತ್ತು 40 ಲೀಟರಿನ ಮೂರು ಪರೀಕ್ಷಾ ಪೆಟ್ಟಿಗೆಗಳು, ಇವಿಷ್ಟನ್ನು ಸಂಸ್ಥೆಯ ಕಟ್ಟಡದ ಒಂದು ಕೋಣೆಯಲ್ಲಿಟ್ಟು, ಸದಸ್ಯರು ಅಲ್ಪ ಶುಲ್ಕ ತೆತ್ತು ತಮ್ಮ ಡ್ರೈವರ್‌ಗಳನ್ನು ಅಳೆಯಿಸಿಕೊಳ್ಳುವ ಏರ್ಪಾಟು ಮಾಡಬಹುದು. ಅಳೆದ ಅಂಕಿಗಳನ್ನು ಒಂದು ಪುಸ್ತಕದಲ್ಲಿ ದಾಖಲಿಸುತ್ತ ಹೋದರೆ ವರ್ಷದೊಳಗೆ ಪೇಟೆಯಲ್ಲಿ ಓಡಾಡುವ ಮುಖ್ಯ ಮಾಲುಗಳೆಲ್ಲವುಗಳ ವಿವರ ಒಂದೆಡೆ ಸಿಗುತ್ತದೆ. ಹೊಸ ಮಾಲು ಬಂದಾಗ ಅದು ಹಳೆಯದೇ ಹೌದೋ ಅಲ್ಲವೋ ಎಂಬುದನ್ನೂ ಅದೇ ಪುಸ್ತಕ ಹೇಳುತ್ತದೆ. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡರೆ ಪರೀಕ್ಷಾ ಪೆಟ್ಟಿಗೆಗಳ ನಕ್ಷೆಯನ್ನು ಒದಗಿಸಲು ನಾನು ಸಿದ್ಧನಿದ್ದೇನೆ.